ಬೆನ್ನಿನ ತುಂಡು

"ಆ ಗೆರೆ ಅಲ್ಲಿಗೇ ನಿಂತರೆ ಎಳೆಯುತ್ತೆ, ಡಾಕ್ಟರೇ," ಎಂದಳು ಅವಳು.

ನೇರಳೆ ಪೆನ್ನು ಅವಳ ಬೆನ್ನ ಮೇಲೆ, ಹೆಗಲಿನ ಚಪ್ಪಟೆ ಮೂಳೆಯ ಅಂಚಿನಲ್ಲಿ ನಿಂತಿತು. ಅವಳು ಸ್ಟೂಲಿನ ಮೇಲೆ ಕೂತು ಬಲಗೈಯಲ್ಲಿ ಗ್ಲೂಕೋಸ್ ಬಾಟಲಿ ತೂಗುಹಾಕುವ ಕಂಬವನ್ನು ಹಿಡಿದುಕೊಂಡಿದ್ದಳು. ಭುಜದ ಮಟ್ಟಕ್ಕಿಂತ ಮೇಲೆ ಆ ಕೈ ಹೋಗದೆ ಎರಡು ವರ್ಷವಾಗಿತ್ತು. ಎದುರಿಗೆ ಬೇಸಿನ್ನಿನ ಮೇಲೊಂದು ಕನ್ನಡಿ, ಹಿಂದೆ ನರ್ಸು ಎತ್ತಿ ಹಿಡಿದ ಇನ್ನೊಂದು ಕನ್ನಡಿ. ಹಿಂದೆ ಟೈಲರ್ ಅಂಗಡಿಯಲ್ಲಿದ್ದಾಗ ಗಿರಾಕಿಗಳಿಗೆ ಬೆನ್ನಿನ ಫಿಟಿಂಗ್ ತೋರಿಸಲು ಅವಳೇ ಎಷ್ಟೋ ಸಲ ಹೂಡಿದ್ದ ಉಪಾಯ ಅದು. ಇವತ್ತು ತನ್ನ ಬೆನ್ನಿಗೆ ಹಠ ಮಾಡಿ ಹೂಡಿಸಿಕೊಂಡಿದ್ದಳು.

"ಏನು ಎಳೆಯುತ್ತೆ?" ಎಂದರು ಡಾಕ್ಟರು.

"ತುಂಡು ಚಿಕ್ಕದಾಯ್ತು. ಕಂಕುಳಲ್ಲಿ ಒಂದು ಬೆರಳು ಜಾಸ್ತಿ ಬಿಡ್ಬೇಕು. ಇಲ್ಲಾಂದ್ರೆ ಕೈ ಎತ್ತಿದಾಗ ಇಡೀ ಅಂಗಿ ಸೊಂಟದಿಂದ ಮೇಲಕ್ಕೆ ಬರುತ್ತೆ."

"ಇಲ್ಲಿ ಮೇಲಕ್ಕೆ ಬರೋಕೆ ಅಂಗಿ ಇಲ್ವಲ್ಲಮ್ಮ."

"ಅದಕ್ಕೇ ಹೇಳಿದ್ದು. ಅಂಗಿಯಾಗಿದ್ರೆ ಬಿಚ್ಚಿ ಹೊಲೀಬಹುದಿತ್ತು."

ನರ್ಸು ನಕ್ಕಿದ್ದಕ್ಕೆ ಕನ್ನಡಿ ಅಲುಗಿ, ನೇರಳೆ ಗೆರೆಗಳೆಲ್ಲ ಒಮ್ಮೆ ಬಾಗಿಲಿನತ್ತ ಹೋಗಿ ಬಂದವು. ಡಾಕ್ಟರು ಕನ್ನಡಕವನ್ನು ಹಣೆಗೆ ಏರಿಸಿ, ಸ್ಟೂಲೊಂದನ್ನು ಕಾಲಲ್ಲೇ ಎಳೆದುಕೊಂಡು ಕೂತರು. ಇಪ್ಪತ್ತು ವರ್ಷದಿಂದ ಚರ್ಮ ಕತ್ತರಿಸುತ್ತಿದ್ದವರು. ಗೆರೆ ಚಿಕ್ಕದಾಯಿತೆಂದು ಅವರಿಗೆ ಈವರೆಗೆ ಯಾವ ರೋಗಿಯೂ ಹೇಳಿರಲಿಲ್ಲ.

"ನೋಡಿ," ಎಂದರು, ಪೆನ್ನನ್ನು ಅವಳ ಕಂಕುಳ ಸುತ್ತ ಗಾಳಿಯಲ್ಲೇ ಆಡಿಸುತ್ತ. "ಕೆಟ್ಟಿರೋ ಚರ್ಮ ಇಷ್ಟೂ ತೆಗೀತೀನಿ. ಒಂದು ಅಂಗೈ ಅಗಲ. ಎರಡು ಅಂಚು ಎಳೆದು ಸೇರಿಸಿದ್ರೆ ಕೈ ಪಕ್ಕೆಗೆ ಹೊಲಿದ ಹಾಗಾಗುತ್ತೆ. ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಹೊದಿಸಿದ್ರೆ ಅದು ದಿನ ಕಳೆದ ಹಾಗೆ ಕುಗ್ಗುತ್ತೆ. ಅದಕ್ಕೇ ಬೆನ್ನಿಂದ ದಪ್ಪ ತುಂಡು. ಅದನ್ನೂ ಪೂರ್ತಿ ಕತ್ತರಿಸಲ್ಲ. ಒಂದು ಕಡೆ ಮೈಗೆ ಅಂಟಿಕೊಂಡೇ ಇರುತ್ತೆ, ಅದಕ್ಕೆ ರಕ್ತ ಅಲ್ಲಿಂದಲೇ ಬರ್ಬೇಕು, ನರವೂ ಬೆನ್ನಿಂದೇ. ಬಾಗಿಲು ತಿರುಗಿಸಿದ ಹಾಗೆ ತಿರುಗಿಸಿ ಇಲ್ಲಿ ಕೂರಿಸೋದು. ಬೆನ್ನಿನ ಜಾಗ ನೇರ ಹೊಲಿದುಬಿಡೋದು."

"ಕತ್ತರಿಸದೇ ತಿರುಗಿಸಿದ್ರೆ ಮೂಲೇಲಿ ಗಂಟು ಏಳುತ್ತೆ."

"ಏಳುತ್ತೆ. ಆರು ತಿಂಗಳಲ್ಲಿ ಕೂತ್ಕೊಳ್ಳುತ್ತೆ."

"ಹಾಗಿದ್ರೂ ಅಳತೆ ತಗೊಂಡಿದ್ದು ಇಷ್ಟೇ ಎತ್ತಿರೋ ಕೈಗೆ. ನನ್ನ ಕೈ ಪೂರ್ತಿ ಎತ್ತಿದ್ರೆ ಎಷ್ಟು ಬೇಕು ಅಂತ ಇನ್ನೂ ಯಾರೂ ನೋಡಿಲ್ಲ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ, "ನಿಮಗೆ ಅರಿವಳಿಕೆ ಕೊಟ್ಟು, ಕೆಟ್ಟಿದ್ದನ್ನ ತೆಗೆದ ಮೇಲೆ ಕೈ ಪೂರ್ತಿ ಬರುತ್ತೆ. ಆಗ ಇನ್ನೊಂದ್ಸಲ ಅಳೆದೇ ಕತ್ತರಿಸ್ತೀನಿ. ಆಯ್ತಾ?" ಎಂದರು.

"ಅಷ್ಟಾದ್ರೆ ಸರಿ," ಎಂದು ಅವಳು ಕಂಬದಿಂದ ಕೈ ಇಳಿಸಿದಳು.

ಕಂಕುಳಲ್ಲಿ ಮೊದಲ ಕುರು ಎದ್ದಾಗ ಅವಳಿಗೆ ಇಪ್ಪತ್ತೆರಡು ವರ್ಷ, ಮದುವೆಯಾಗಿ ಎಂಟು ತಿಂಗಳು. ಬಟಾಣಿಯಷ್ಟು ಗಂಟು. ಎಲ್ಲರಿಗೂ ಏಳುವಂಥದು ಎಂದುಕೊಂಡಳು. ಅದು ಒಡೆದು ಮಾಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಎದ್ದಿತು. ಹದಿನಾರು ವರ್ಷದಲ್ಲಿ ಬಲಗಂಕುಳು ಗುಳಿ, ಗಂಟು, ಹಗ್ಗದಂಥ ಕಲೆಗಳಿಂದ ತುಂಬಿಹೋಗಿತ್ತು. ಒಳಗೊಳಗೇ ದಾರಿ ಕೊರೆದುಕೊಂಡು, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಕೀವು ಬರುತ್ತಿತ್ತು. ಇದು ಕೊಳಕಿನಿಂದ ಬರುವ ಕಾಯಿಲೆಯಲ್ಲ, ಅಂಟುವುದೂ ಇಲ್ಲ ಎಂದು ಈ ಡಾಕ್ಟರು ಹೇಳಿದ್ದು ಮೊನ್ನೆ ಮೊನ್ನೆ. ಅಲ್ಲಿಯವರೆಗೆ ದಿನಕ್ಕೆ ಮೂರು ಸಲ ಸೋಪು ಹಚ್ಚಿ ತಿಕ್ಕಿ ತಿಕ್ಕಿ ಅವಳು ಅದನ್ನು ಇನ್ನಷ್ಟು ಕೆರಳಿಸಿದ್ದಳು.

ಗೊತ್ತಿದ್ದದ್ದು ಗಂಡನೊಬ್ಬನಿಗೇ. ಅವನು ಲಿಫ್ಟ್ ರಿಪೇರಿಯವನು. ಸಂಜೆ ಬಂದು ಗ್ರೀಸಿನ ಕೈಯನ್ನು ಎರಡೆರಡು ಸಲ ತೊಳೆದು, ಬಚ್ಚಲಮನೆಯ ಬಾಗಿಲು ಹಾಕಿ, ಪಟ್ಟಿ ಕಟ್ಟುತ್ತಿದ್ದ. ಕಟ್ಟುತ್ತ ಕಟ್ಟುತ್ತ ಯಾವ ಕಟ್ಟಡದ ಯಾವ ಮಹಡಿಯಲ್ಲಿ ಯಾರು ಸಿಕ್ಕಿಹಾಕಿಕೊಂಡಿದ್ದರು ಎಂದು ಹೇಳುತ್ತಿದ್ದ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಹಾಗೆಯೇ ಕುಸಿದು ಕೂತ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಮೇಲಿನಿಂದ ಪಟ್ಟಿಯನ್ನು ಅವಳೇ ಎಡಗೈಯಲ್ಲಿ ಕಟ್ಟಿಕೊಂಡಳು. ಎಡಗೈಗೆ ಕತ್ತರಿಯೂ ಒಗ್ಗದು, ಗಂಟೂ ಬಾರದು. ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತಿದ್ದಳು.

ಅವಳ ಕೆಲಸ ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ. ಅಲ್ಲಿ ಇಪ್ಪತ್ತು ಹೊಲಿಗೆ ಯಂತ್ರ, ಕತ್ತರಿಸುವ ಮೇಜು ಒಂದೇ. ಇಪ್ಪತ್ತನಾಲ್ಕು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಮೇಲಿನ ಪದರದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯುವವಳು ಅವಳು. ಗೆರೆ ಅರ್ಧ ಬೆರಳು ತಪ್ಪಿದರೆ ಇಪ್ಪತ್ತನಾಲ್ಕು ಮಕ್ಕಳ ತೋಳು ತಪ್ಪುತ್ತಿತ್ತು. ಮೇಜಿನ ಆಚೆ ಬದಿ ಗೋಡೆಗೆ ಆತುಕೊಂಡಿತ್ತು, ಆದ್ದರಿಂದ ಆಚೆ ಅಂಚಿನವರೆಗೆ ಈಚೆಯಿಂದಲೇ ಬಾಗಿ ಕೈ ಚಾಚಬೇಕು. ಹತ್ತು ವರ್ಷ ಚಾಚಿದಳು. ಕಳೆದ ವರ್ಷ ಕೈ ಅಲ್ಲಿಗೆ ಹೋಗದಾಯಿತು. ಯಾರೂ ಇಲ್ಲದಾಗ ಚಪ್ಪಲಿ ಬಿಟ್ಟು, ಮೊಣಕಾಲೂರಿ ಮೇಜು ಹತ್ತಿ, ಗೆರೆ ಎಳೆದು ಇಳಿಯುತ್ತಿದ್ದಳು. ಒಂದು ದಿನ ಯಜಮಾನರು ಬಾಗಿಲಲ್ಲೇ ನಿಂತು ನೋಡಿದರು.

"ನಾನು ಆ ಮೇಜು ಮಾಡಿಸಿದ್ದು ಹತ್ತಿ ಕೂರೋಕಲ್ಲಮ್ಮ," ಎಂದರು. ಬೈಗುಳವೇನಲ್ಲ. "ಕೈಗೆ ಏನಾಗಿದೆ?"

"ಭುಜ ಹಿಡ್ಕೊಂಡಿದೆ. ಆಪರೇಷನ್ ಅಂದಿದಾರೆ."

"ಎಷ್ಟು ದಿನ?"

"ಆರು ವಾರ."

"ಆರು ವಾರ ಟೇಪು ನೋಡ್ಕೊಳ್ಳಲಿ. ಆಮೇಲೆ ಬಾ. ಕೈ ಬಂದ್ರೆ ಮೇಜು ನಿಂದು. ಬರದಿದ್ರೆ ಗುಂಡಿಗೆ ಕಾಜಾ ಹಾಕೋ ಕಡೆ ಕೂತ್ಕೋ, ಅಲ್ಲಿ ಕೈ ಎತ್ತೋ ಕೆಲಸ ಇಲ್ಲ."

ಟೇಪು ಎಂದರೆ ಮೂರನೆಯ ಯಂತ್ರದಲ್ಲಿ ಕೂರುವ ಹೆಂಗಸು. ಊಟಕ್ಕೆ ಕೂತಾಗಲೂ ಕೊರಳಿನಿಂದ ಅಳತೆಪಟ್ಟಿ ತೆಗೆಯದವಳು, ಒಂದು ದಿನ ಕಟಿಂಗ್ ಮೇಜಿಗೆ ಹೋಗುವೆನೆಂದು ಹೇಳಿಕೊಂಡೇ ಓಡಾಡುವವಳು. ಅವಳಿಗೆ ಆ ಹೆಸರಿಟ್ಟದ್ದು ಯಾರೆಂದು ಗೊತ್ತಿಲ್ಲ. ಇವಳಿಗೆ ಹೆಸರಿಟ್ಟವಳು ಮಾತ್ರ ಟೇಪುವೇ: ಅಟೆನ್ಷನ್ ಅಕ್ಕ. ಎರಡೂ ಕೈಯನ್ನು ಪಕ್ಕೆಗೆ ಒತ್ತಿಕೊಂಡು, ಧ್ವಜದ ಎದುರು ನಿಂತ ಸಿಪಾಯಿಯ ಹಾಗೆ ನಿಲ್ಲುತ್ತಿದ್ದುದಕ್ಕೆ. ಹೊಲಿಗೆಯವರೆಲ್ಲ ನಕ್ಕರು, ಇವಳೂ ನಕ್ಕಳು. ಆ ನಿಲುವಿಗೆ ಒಂದು ಹೆಸರು ಸಿಕ್ಕಿದ ಮೇಲೆ ಅದರ ಕಾರಣ ಯಾರೂ ಹುಡುಕಲಿಲ್ಲ.

ಆಪರೇಷನ್ನಿನ ಮರುದಿನ ಎಚ್ಚರ ತಿಳಿಯಾದಾಗ ಬಲಗೈ ಪಕ್ಕಕ್ಕೆ ಚಾಚಿಕೊಂಡಿತ್ತು. ಸೊಂಟದಿಂದ ಎದ್ದ ಒಂದು ಚೌಕಟ್ಟಿಗೆ ಅದನ್ನು ಕಟ್ಟಿದ್ದರು. ನರ್ಸು ಗಂಟೆಗೊಮ್ಮೆ ಬಂದು ಕಂಕುಳ ಚರ್ಮವನ್ನು ಬೆರಳಿಂದ ಒತ್ತಿ ಬಿಡುತ್ತಿದ್ದಳು. ಒತ್ತಿದಾಗ ಬಿಳಿಚಿಕೊಂಡದ್ದು ಎರಡೆಣಿಸುವಷ್ಟರಲ್ಲಿ ಮತ್ತೆ ಕೆಂಪಾದರೆ ತುಂಡು ಬದುಕಿದೆ ಎಂದು ಲೆಕ್ಕ.

ಡಾಕ್ಟರು ಬಂದು ನೋಡಿ, "ಕೈ ಮೇಲೆ ತಂದು ಅಳೆದಾಗ ಒಂದೂವರೆ ಬೆರಳು ಜಾಸ್ತಿ ಬೇಕಾಯ್ತು," ಎಂದರು.

"ನಾನು ಒಂದು ಅಂದಿದ್ದೆ."

"ಒಂದೂವರೆ."

ಅವಳು ಒಪ್ಪಿಕೊಂಡಳು.

ಅತ್ತೆಗೆ ಹೇಳಿದ್ದು ಭುಜದಲ್ಲೊಂದು ಗಂಟು ಎಂದು. ಮೂವತ್ತು ವರ್ಷ ಒಂದು ಶಾಲೆಯಲ್ಲಿ ಗಂಟೆ ಬಾರಿಸಿ, ಮಕ್ಕಳ ಮೂಗೊರೆಸಿ ನಿವೃತ್ತಳಾದ ಹೆಂಗಸು ಅವಳು. ಈಗಲೂ ಯಾರ ಜೊತೆ ಮಾತಾಡಿದರೂ ಸಾಲಿನಲ್ಲಿ ನಿಲ್ಲಿಸಿಕೊಂಡು ಮಾತಾಡಿದಂತೆಯೇ. ಮಗ ಸತ್ತ ಮೇಲೆ ಎರಡು ಕೋಣೆಯ ಆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಜಗಳವಿರಲಿಲ್ಲ. ಹಾಲು ಬಂತು, ದೀಪ ಆರಿಸು, ಬಾಗಿಲು ಹಾಕಿದೆಯಾ ಎಂಬಷ್ಟು ಮಾತು ನಡೆಯುತ್ತಿತ್ತು. ಐದನೆಯ ದಿನ ಆಸ್ಪತ್ರೆಯಿಂದ ಕಳಿಸುವಾಗ, ದಿನ ಬಿಟ್ಟು ದಿನ ಪಟ್ಟಿ ಬದಲಾಯಿಸುವವರು ಯಾರು ಎಂದು ನರ್ಸು ಕೇಳಿದಳು. ಸೊಸೆ ತಾನೇ ಮಾಡಿಕೊಳ್ಳುತ್ತೇನೆಂದಳು. ನರ್ಸು ಚೌಕಟ್ಟಿಗೆ ಕಟ್ಟಿದ ಕೈಯನ್ನೂ ಅವಳ ಮುಖವನ್ನೂ ನೋಡಿ, ಅತ್ತೆಯ ಕಡೆ ತಿರುಗಿ ಕಲಿಸತೊಡಗಿದಳು.

ಏಳನೆಯ ದಿನ ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಅತ್ತೆ ಪಟ್ಟಿ ಬಿಚ್ಚಿದಳು.

"ತಿರುಗು. ಕೈ ಚಾಚು. ಅಲ್ಲಾಡಬೇಡ."

ಹಳೆಯ ಪಟ್ಟಿ ತಟ್ಟೆಗೆ ಬಿತ್ತು. ಅತ್ತೆ ಎಣಿಸಿದಳು. ಬೆನ್ನಲ್ಲಿ ಇಪ್ಪತ್ತೆಂಟು ಹೊಲಿಗೆ, ಕಂಕುಳಲ್ಲಿ ಮೂವತ್ತನಾಲ್ಕು. ಆಮೇಲೆ ಎಡಗಂಕುಳನ್ನೂ ನೋಡಿದಳು. ಅಲ್ಲಿ ಕಾಯಿಲೆ ಕಡಿಮೆ, ಆದರೂ ಗುಳಿಗಳು ಇದ್ದವು.

"ಇದು ಗಂಟಲ್ಲ."

"ಅಲ್ಲ."

"ಎಷ್ಟು ವರ್ಷ?"

"ಹದಿನಾರು."

"ನನ್ನ ಮನೆಗೆ ಬಂದಾಗಿನಿಂದ ಅನ್ನು."

"ಬಂದು ಎಂಟು ತಿಂಗಳಾಗಿತ್ತು."

ಅತ್ತೆ ಹತ್ತಿಯನ್ನು ನೀರಿನಲ್ಲಿ ಅದ್ದಿ ಹಿಂಡಿದಳು. "ಅವನಿಗೆ ಗೊತ್ತಿತ್ತಾ?"

"ಅವರೇ ಕಟ್ತಿದ್ರು."

"ಅದಕ್ಕೇ ಸಂಜೆಯಾದ್ರೆ ಇಬ್ರೂ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಳ್ತಿದ್ದಿದ್ದು." ಹತ್ತಿ ಹೊಲಿಗೆಯ ಸಾಲಿನ ಮೇಲೆ ನಿಧಾನಕ್ಕೆ ಹೋಯಿತು. "ನಾನು ಏನೇನೋ ಅಂದ್ಕೊಂಡು ರೇಡಿಯೋ ಜೋರಾಗಿ ಇಡ್ತಿದ್ದೆ."

"ಗೊತ್ತು. ನಾವು ಒಳಗೆ ನಗ್ತಿದ್ವಿ."

ಅತ್ತೆ ಹೊಸ ಪಟ್ಟಿ ಸುತ್ತಿ, ತುದಿಗೆ ಅಂಟು ಹಚ್ಚಿ, ಒಂದು ಸಲ ತಟ್ಟಿದಳು. ಗಂಡ ಕಟ್ಟುತ್ತಿದ್ದದ್ದಕ್ಕಿಂತ ಬಿಗಿ, ಆದರೆ ನೇರವಾಗಿತ್ತು.

ತಪ್ಪು ನಡೆದದ್ದು ಮರುದಿನ. ಅತ್ತೆ ತರಕಾರಿಗೆ ಹೋಗಿದ್ದಳು. ಮೈ ಒರೆಸಿಕೊಳ್ಳಲೆಂದು ಸೊಸೆ ಚೌಕಟ್ಟಿನ ಕಟ್ಟು ಸಡಿಲಿಸಿ, ಬಚ್ಚಲಮನೆಯ ಕನ್ನಡಿಯ ಎದುರು ನಿಂತಳು. ಪಟ್ಟಿಯ ಅಂಚಿನಿಂದ ಹೊಲಿಗೆಯ ಸಾಲು ಒಂದಿಷ್ಟು ಕಾಣುತ್ತಿತ್ತು. ಒಳ್ಳೆಯ ಕೈ. ಹೊಲಿಗೆಗಳ ನಡುವಿನ ಅಂತರ ಎಲ್ಲೂ ಹೆಚ್ಚುಕಡಿಮೆಯಾಗಿರಲಿಲ್ಲ. ಮೂಲೆ ತಿರುಗುವಲ್ಲಿ ಮಾತ್ರ ಎರಡು ಹೊಲಿಗೆ ದೂರ ದೂರ ಬಿದ್ದಂತೆ ಕಂಡವು.

ಹೊಲಿಗೆ ಮುಗಿದ ಮೇಲೆ ಎರಡೂ ಬದಿ ಹಿಡಿದು ಒಮ್ಮೆ ಜಗ್ಗಿ ನೋಡುವುದು ಅವಳ ಕಸುಬಿನ ಅಭ್ಯಾಸ. ತಡೆಯದ ಹೊಲಿಗೆ ಮೇಜಿನ ಮೇಲೇ ಬಿಚ್ಚಿಕೊಳ್ಳಲಿ, ಮಗುವಿನ ಮೈಮೇಲೆ ಬೇಡ. ಇಪ್ಪತ್ತು ವರ್ಷದಲ್ಲಿ ಅವಳು ಜಗ್ಗದೆ ಬಿಟ್ಟ ತೋಳಿಲ್ಲ. ಯೋಚಿಸಿ ಮಾಡಿದ್ದಲ್ಲ. ಎಡಗೈಯಿಂದ ಬಲಮುಂಗೈ ಹಿಡಿದು, ತಲೆಯ ಮೇಲಕ್ಕೆ, ಒಂದೇ ಸಲಕ್ಕೆ, ಬಟ್ಟೆ ಜಗ್ಗುವ ಹಾಗೆಯೇ ಜಗ್ಗಿದಳು.

ಸದ್ದು ಬಂತು. ಸಣ್ಣದು, ದಾರ ಹರಿದ ಸದ್ದು. ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಸದ್ದೇ.

ತರಕಾರಿ ಚೀಲ ಹಿಡಿದು ಬಂದ ಅತ್ತೆ ಕಂಡದ್ದು ಬಚ್ಚಲಕಟ್ಟೆಯ ಮೇಲೆ ಕೂತು ಟವೆಲನ್ನು ಪಕ್ಕೆಗೆ ಒತ್ತಿಕೊಂಡ ಸೊಸೆಯನ್ನು. ಟವೆಲು ಕೆಂಪಾಗಿತ್ತು.

"ಮೂರು ಹೋಯ್ತು," ಎಂದಳು ಸೊಸೆ. "ಮೂಲೇದು."

ಆಸ್ಪತ್ರೆಯಲ್ಲಿ ಡಾಕ್ಟರು ದೀಪ ಎಳೆದುಕೊಂಡು ತುಂಬ ಹೊತ್ತು ನೋಡಿದರು. ತುಂಡಿನ ತುದಿಯಲ್ಲಿ ಉಗುರಿನಷ್ಟು ಜಾಗ ಬಾಯಿ ಬಿಟ್ಟಿತ್ತು.

"ಬಿದ್ರಾ?"

"ಇಲ್ಲ. ತಡೆಯುತ್ತಾ ಅಂತ ಜಗ್ಗಿ ನೋಡಿದೆ."

ಡಾಕ್ಟರು ದೀಪ ಆರಿಸಿದರು. "ಬಟ್ಟೇಲಿ ಎರಡು ಅಂಚು ಹಿಡಿದಿರೋದು ದಾರ. ಇಲ್ಲಿ ದಾರದ ಕೆಲಸ ಬರೀ ಪಕ್ಕಪಕ್ಕ ಕೂರಿಸಿರೋದು. ಅಂಟ್ಕೊಳ್ಳೋದು ಮಾಂಸ. ಅದಕ್ಕೆ ಟೈಮ್ ಬೇಕು."

"ಮೊದಲೇ ಹೇಳ್ಬೇಕಿತ್ತು ನೀವು."

"ಜಗ್ಗಿ ನೋಡಬೇಡಿ ಅಂತ ಈವರೆಗೆ ಯಾರಿಗೂ ಹೇಳೋ ಪ್ರಸಂಗ ಬಂದಿರಲಿಲ್ಲಮ್ಮ." ಅವರು ಕೈತೊಳೆಯಲು ಎದ್ದರು. "ಮತ್ತೆ ಹೊಲಿಯೋಕಾಗಲ್ಲ. ತಾನಾಗೇ ತುಂಬ್ಕೋಬೇಕು. ಮೂರು ವಾರ ಹೆಚ್ಚಿಗೆ. ಆ ಜಾಗದ ಕಲೆ ಬಿಗಿಯಾದ್ರೆ ಕೈ ಎಷ್ಟು ಬರುತ್ತೆ ಅಂತ ಈಗ ನಾನು ಹೇಳಲ್ಲ."

"ಆರು ವಾರಕ್ಕೆ ಕೆಲಸಕ್ಕೆ ಬರ್ತೀನಿ ಅಂದಿದೀನಿ."

"ಒಂಬತ್ತು ಅನ್ನಿ."

ಫೋನಿನಲ್ಲಿ ಯಜಮಾನರು "ಹೂಂ" ಎಂದರು, ಇನ್ನೊಂದು ಸಲ "ಹೂಂ" ಎಂದರು. ಶಾಲೆ ಶುರುವಾಗುವ ಹೊತ್ತಿಗೆ ಮಾಲು ಹೋಗಬೇಕು, ಟೇಪು ಪರವಾಗಿಲ್ಲ, ಹೇಗೋ ನಡೆಸುತ್ತಿದ್ದಾಳೆ ಎಂದರು. ಒಂಬತ್ತಕ್ಕೆ ನೋಡೋಣ ಎಂದರು.

ಆ ಸಂಜೆ ಪಟ್ಟಿ ಕಟ್ಟುವಾಗ ಅತ್ತೆಯ ಬೆರಳು ಒರಟಾಗಿದ್ದವು.

"ಒಂದು ಕಡೆ ಅಲ್ಲಾಡದೆ ನಿಂತ್ಕೋ ಅಂದ್ರೆ ನಿನಗೆ ಬರಲ್ವಾ? ನಿಲ್ಲೋದು ಗೊತ್ತಲ್ಲ ನಿನಗೆ. ಅವತ್ತು ನಿಂತಿದ್ದೆಯಲ್ಲ."

ಸೊಸೆ ತಲೆ ಎತ್ತಿದಳು.

"ಮಗನ್ನ ಹೊರಗೆ ತಂದು ಮಲಗಿಸಿದ್ದಾರೆ. ನಾನು ನಿನ್ನ ಕೊರಳಿಗೆ ಬಿದ್ದೆ. ನೀನು ಎರಡೂ ಕೈ ಕೆಳಗಿಟ್ಕೊಂಡು ಕಂಬದ ಹಾಗೆ ನಿಂತೆ. ಒಂದು ಕೈ ಎತ್ತಿ ಬೆನ್ನ ಮೇಲೆ ಇಡಲಿಲ್ಲ. ನಾನು ಜಾರಿ ಕೂತೆ. ಪಕ್ಕದ ಮನೆಯವಳು ಬಂದು ಹಿಡ್ಕೊಂಡಳು, ನೀನು ಹಿಡೀಲಿಲ್ಲ." ಅತ್ತೆ ಪಟ್ಟಿಯನ್ನು ಇನ್ನೊಂದು ಸುತ್ತು ತಂದಳು. "ಮೂರು ವರ್ಷ ಒಂದೇ ಮನೇಲಿ ಇದೀನಿ ನಿನ್ನ ಜೊತೆ. ಕೇಳಿಲ್ಲ."

"ಅವತ್ತು ಕುರು ಒಡೆದಿತ್ತು, ಅತ್ತೆ. ಹಿಂದಿನ ದಿನದಿಂದ ಪಟ್ಟಿ ಬದಲಾಯಿಸಿರಲಿಲ್ಲ. ನಾಳೆ ಬೆಳಿಗ್ಗೆ ಕಟ್ತೀನಿ ಅಂತ ಅವರು ಅಂದಿದ್ರು."

ಅತ್ತೆಯ ಕೈ ನಿಂತಿತು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು.

"ಹೇಳಬಹುದಿತ್ತು."

"ಅವತ್ತಾ?"

"ಅವತ್ತಲ್ಲ. ಆಮೇಲೆ."

"ಆಮೇಲೆ ಹೇಗೆ ಶುರು ಮಾಡೋದು ಅಂತ ಗೊತ್ತಾಗಲಿಲ್ಲ."

ಅತ್ತೆ ಪಟ್ಟಿಯ ತುದಿ ಹುಡುಕಿ ಅಂಟಿಸಿದಳು. ಸೊಸೆಯ ಕೈಯನ್ನು ಚೌಕಟ್ಟಿನ ಮೇಲಿಟ್ಟು ಕಟ್ಟಿದಳು. ತಟ್ಟೆ ಎತ್ತಿಕೊಂಡು ಹೋಗಿ ಖಾಲಿ ಮಾಡಿ, ತೊಳೆದು, ಬೋರಲು ಹಾಕಿದಳು. ಆಮೇಲೆ ಒಳಗಿನಿಂದಲೇ, "ನಾಳೆಯಿಂದ ಸ್ನಾನದ ಬಾಗಿಲು ಹಾಕೋ ಹಾಗಿಲ್ಲ ನೀನು," ಎಂದಳು.

ಟೇಪುವಿನ ಫೋನು ವಾರಕ್ಕೆ ಎರಡು ಸಲ ಬರುತ್ತಿತ್ತು.

"ಅಕ್ಕ, ಹನ್ನೆರಡನೇ ಸೈಜಿಗೆ ತೋಳಿನ ಕುಳಿ ಎಷ್ಟು ಇಳಿಸ್ತಿದ್ರಿ? ನಿಮ್ಮ ಪುಸ್ತಕದಲ್ಲಿ ಬರೆದಿಲ್ಲ."

ಹೇಳದೆ ಇರಬಹುದಿತ್ತು. ಮರೆತಿದೆ ಎಂದರೂ ನಡೆಯುತ್ತಿತ್ತು. ಅವಳು ಕಣ್ಣು ಮುಚ್ಚಿ ಬೆರಳಿನಿಂದ ತೊಡೆಯ ಮೇಲೆ ಬಾಗು ಬರೆದು ನೋಡಿ, ಅಳತೆ ಹೇಳುತ್ತಿದ್ದಳು. ಪಕ್ಕದಲ್ಲಿ ಕೂತ ಅತ್ತೆ, "ಹೇಳು ಹೇಳು, ಮೇಜಿನ ಕಾಲೂ ಬಿಚ್ಚಿ ಕಳಿಸು," ಎನ್ನುತ್ತಿದ್ದಳು.

"ತಪ್ಪು ಕತ್ತರಿಸಿದ್ರೆ ಇಪ್ಪತ್ತನಾಲ್ಕು ಮಕ್ಕಳು ಹಾಕ್ಕೋಬೇಕಲ್ಲ ಅತ್ತೆ."

"ನಾನು ಆ ಮಕ್ಕಳನ್ನ ಮೂವತ್ತು ವರ್ಷ ನೋಡಿದೀನಿ. ಎರಡು ದಿನಕ್ಕೆ ಹರ್ಕೊಂಡು ಬರ್ತಾವೆ."

ನಾಲ್ಕನೆಯ ವಾರ ಗಾಯ ತುಂಬಿಕೊಂಡಿತು. ಚೌಕಟ್ಟು ತೆಗೆದರು. ವ್ಯಾಯಾಮ ಹೇಳಿಕೊಡುವ ಹುಡುಗಿ ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಮೇಲೇರಿಸುವುದನ್ನು ತೋರಿಸಿದಳು: ಜಗ್ಗಬಾರದು, ಎಳೆಯುವಲ್ಲಿಗೆ ಹೋಗಿ ಇಪ್ಪತ್ತು ಎಣಿಸಿ ಇಳಿಯಬೇಕು. ಮನೆಗೆ ಬಂದು ಸೊಸೆ ಅಳತೆಪಟ್ಟಿ ಹಿಡಿದು, ಕಾರ್ಖಾನೆಯ ಮೇಜಿನ ಆಚೆ ಅಂಚು ತನ್ನ ಸೊಂಟದಿಂದ ಎಷ್ಟು ದೂರವೋ ಅಷ್ಟನ್ನು ಅಡುಗೆಮನೆಯ ಗೋಡೆಯ ಮೇಲೆ ಸೊಂಟದ ಮಟ್ಟದಿಂದ ಮೇಲಕ್ಕೆ ಅಳೆದಳು. ಅತ್ತೆ ಸ್ಟೂಲು ಹತ್ತಿ ಅಲ್ಲೊಂದು ಗೆರೆ ಎಳೆದಳು. ಸೊಸೆಯ ಬೆರಳು ಹೋಗಿ ನಿಂತಲ್ಲಿ ದಿನಾ ಪೆನ್ಸಿಲಿನಲ್ಲಿ ತಾರೀಕು ಬರೆಯುವುದು ಅತ್ತೆಯ ಕೆಲಸವಾಯಿತು.

"ಹದಿನೆಂಟು. ಹತ್ತೊಂಬತ್ತು. ಯಾರು ಇಳಿಸು ಅಂದಿದ್ದು? ಇಪ್ಪತ್ತು. ಈಗ ಇಳಿಸು."

ಮೊದಲ ದಿನ ಮೇಲಿನ ಗೆರೆಗೆ ಒಂದು ಗೇಣು ಕಡಿಮೆ. ಐದನೆಯ ವಾರ ಎಂಟು ಬೆರಳು. ಏಳನೆಯ ವಾರ ನಾಲ್ಕು. ಆಮೇಲೆ ಅದು ಅಲ್ಲೇ ನಿಂತಿತು. ಮೂರು ಹೊಲಿಗೆ ಹೋದ ಮೂಲೆಯಲ್ಲಿ ಒಂದು ಬಿಗಿದ ದಾರದ ಹಾಗೆ ಕಲೆ ಎದ್ದು, ಕೈಯನ್ನು ಅಲ್ಲಿಂದ ಮೇಲೆ ಬಿಡದಾಯಿತು. ಅತ್ತೆ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಅದನ್ನು ಹೊತ್ತಿಗೊಮ್ಮೆ ತೀಡಿದಳು. ಒಂದೇ ಜಾಗದಲ್ಲಿ ಆರು ತಾರೀಕು ಒಂದರ ಮೇಲೊಂದು ಬಿದ್ದು ಓದಲಾಗದ ಕಪ್ಪು ಮಚ್ಚೆಯಾಯಿತು. ಒಂಬತ್ತನೆಯ ವಾರ ಮುಗಿದಾಗ ಎರಡು ಬೆರಳು ಬಾಕಿ ಇತ್ತು.

"ಇನ್ನೊಂದು ವಾರ ಕೇಳು," ಎಂದಳು ಅತ್ತೆ.

"ಕೊಡಲ್ಲ."

"ಎರಡು ಬೆರಳಿಗೆ ಯಾರಾದ್ರೂ ಕೆಲಸ ಕಳೀತಾರಾ?"

"ನಾನಾಗಿದ್ರೆ ಕಳೀತಿದ್ದೆ," ಎಂದಳು ಸೊಸೆ.

ಬೆಳಿಗ್ಗೆ ಒಂಬತ್ತಕ್ಕೆ ಅವಳು ಕಾರ್ಖಾನೆಗೆ ಹೋದಳು. ತೋಳು ಅಗಲವಿರುವ ಅಂಗಿ ಹಾಕಿಕೊಂಡಿದ್ದಳು. ಮೇಜಿನ ಮೇಲೆ ಇಪ್ಪತ್ತನಾಲ್ಕು ಪದರ ನೀಲಿ ಬಟ್ಟೆ ಹಾಸಿತ್ತು. ಟೇಪು ಪದರಗಳ ಅಂಚು ಸರಿ ಕೂರಿಸುತ್ತಿದ್ದವಳು ಇವಳನ್ನು ನೋಡಿ, "ಬಂದ್ರಾ," ಎಂದಳು. ನಗಲಿಲ್ಲ. ಮೇಜಿನ ಮೇಲೆ ಟೇಪುವಿನ ಚಾಕ್‌ಪೀಸು, ಅವಳ ಸ್ಕೇಲು, ಅವಳ ನೀರಿನ ಬಾಟಲಿ ಇದ್ದವು. ಒಂಬತ್ತು ವಾರದಲ್ಲಿ ಆ ಮೂಲೆ ಅವಳದ್ದಾಗಿತ್ತು.

ಯಜಮಾನರು ಓದುವ ಕನ್ನಡಕ ಕೈಯಲ್ಲಿ ಹಿಡಿದು ಬಂದರು. "ಎಳಿ," ಎಂದರಷ್ಟೇ.

ಇವಳು ಚಾಕ್‌ಪೀಸು, ಸ್ಕೇಲು ತೆಗೆದುಕೊಂಡು ಮೇಜಿಗೆ ಸೊಂಟ ಒತ್ತಿ ಬಾಗಿದಳು. ಕೈ ಬಟ್ಟೆಯ ಮೇಲೆ ಜಾರುತ್ತ ಹೋಯಿತು. ಅರ್ಧ ದಾಟಿತು, ಮುಕ್ಕಾಲು ದಾಟಿತು. ಮೂಲೆಯ ಕಲೆ ಎಳೆಯತೊಡಗಿತು. ಅಲ್ಲಿ ನಿಂತಳು. ಗೋಡೆಯ ಕಡೆಯ ಅಂಚು ಎರಡು ಬೆರಳು ಆಚೆಗಿತ್ತು. ಯಂತ್ರಗಳು ಒಂದೊಂದಾಗಿ ನಿಂತದ್ದು ಕೇಳಿಸಿತು. ಹೊಲಿಗೆಯವರು ನೋಡುತ್ತಿದ್ದರು. ಅವಳು ಜಗ್ಗಲಿಲ್ಲ. ಹಾಗೆಯೇ ಇಪ್ಪತ್ತು ಎಣಿಸಿದಳು, ಒಳಗೊಳಗೇ, ಅತ್ತೆಯ ದನಿಯಲ್ಲಿ. ಎಣಿಸಿ ಮುಗಿದ ಮೇಲೆ ಹಿಮ್ಮಡಿ ಎತ್ತಿ, ಎಡಗೈಯನ್ನು ಮೇಜಿಗೆ ಊರಿ, ಭುಜವನ್ನು ಸ್ವಲ್ಪ ತಿರುಗಿಸಿದಳು. ಬೆನ್ನಿನಿಂದ ತಂದ ತುಂಡು ಒಂದೂವರೆ ಬೆರಳಿನ ಹೆಚ್ಚುವರಿಯೊಂದಿಗೆ ಬಿಚ್ಚಿಕೊಂಡಿತು. ಚಾಕ್‌ಪೀಸು ಅಂಚಿಗೆ ತಾಗಿತು.

ಅಲ್ಲಿಂದ ಅವಳು ಹಿಮ್ಮಡಿ ಇಳಿಸದೆ ಪಕ್ಕಕ್ಕೆ ಹೆಜ್ಜೆ ಹಾಕುತ್ತ, ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಗೆರೆ ಎಳೆದಳು. ಯಜಮಾನರು ಕನ್ನಡಕ ಹಾಕಿ, ಮೂರು ಕಡೆ ಅಳತೆಪಟ್ಟಿ ಇಟ್ಟು ನೋಡಿದರು. ಪಟ್ಟಿಯನ್ನು ಟೇಪುವಿನ ಕೊರಳಿನಿಂದಲೇ ತೆಗೆದುಕೊಂಡಿದ್ದರು.

"ನಾಳೆಯಿಂದ ಎಂಟಕ್ಕೆ ಬಾ," ಎಂದರು ಇವಳಿಗೆ. ಟೇಪುವಿಗೆ, "ಇವತ್ತು ಬಟ್ಟೆ ಹಿಡಿ. ನಾಳೆ ಮಿಷನ್ನಿಗೆ," ಎಂದು ಪಟ್ಟಿಯನ್ನು ವಾಪಸು ಕೊಟ್ಟರು.

ಯಂತ್ರಗಳು ಮತ್ತೆ ಶುರುವಾದವು. ಟೇಪು ತನ್ನ ಬಾಟಲಿಯನ್ನು ಎತ್ತಿ ಕಿಟಕಿಯ ಮೇಲಿಟ್ಟು, ಮೇಜಿನ ತುದಿಯಲ್ಲಿ ಬಟ್ಟೆ ಹಿಡಿದು ನಿಂತಳು. ಬೇಕೆಂದೇ ಸಡಿಲ ಹಿಡಿದಿದ್ದಳು. ಇವಳು ಹಾಗೆಯೇ ತೋಳಿನ ಕುಳಿಗಳನ್ನು ಬರೆಯತೊಡಗಿದಳು. ಮೂರನೆಯದಕ್ಕೆ ಬಂದಾಗ ಬೆನ್ನ ಮೇಲೆ, ಹೆಗಲಿನ ಮೂಳೆಯ ಕೆಳಗೆ, ಏನೋ ಹರಿದಾಡಿದಂತಾಯಿತು. ಭುಜ ಕುಣಿಸಿದಳು. ಹೋಗಲಿಲ್ಲ. ಹಿಂದಕ್ಕೆ ಕೈ ತಿರುಗಿಸಿ ಒರೆಸಿಕೊಂಡಳು. ಅದು ಇನ್ನೂ ಹರಿಯುತ್ತಲೇ ಇತ್ತು.

"ಸ್ವಲ್ಪ ನೋಡೇ, ಬೆನ್ನ ಮೇಲೆ ಏನೋ ಹುಳ."

ಟೇಪು ಬಟ್ಟೆ ಬಿಟ್ಟು ಬಂದಳು. "ಎಲ್ಲಿ?"

"ಅಲ್ಲೇ. ಮೂಳೆ ಕೆಳಗೆ."

"ಏನೂ ಇಲ್ಲ ಅಕ್ಕ."

"ಸರಿಯಾಗಿ ನೋಡು. ಈಗಲೂ ಹರೀತಿದೆ."

ಟೇಪು ಬೆನ್ನನ್ನು ಮೇಲಿಂದ ಕೆಳಗೆ ಕೊಡವಿದಳು. ಸುತ್ತ ಬಂದು ಮುಂದೆ ನಿಂತು ನೋಡಿದಳು. "ಇರಿ, ಇಲ್ಲೊಂದು ದಾರ ತೋಳಿನೊಳಗೆ ಹೋಗಿದೆ. ಕೈ ಎತ್ತಿ."

ಅವಳು ಕೈ ಎತ್ತಿದಳು. ಟೇಪು ಅಗಲ ತೋಳಿನೊಳಗೆ ಎರಡು ಬೆರಳು ತೂರಿಸಿ, ಕಂಕುಳಿನಿಂದ ಒಂದು ಗೇಣುದ್ದದ ನೀಲಿ ಎಳೆಯನ್ನು ನಿಧಾನಕ್ಕೆ ಎಳೆದಳು. ಬೆನ್ನ ಮೇಲೆ ಹರಿಯುತ್ತಿದ್ದದ್ದು ಮೂಳೆಯ ಕೆಳಗಿನಿಂದ ಓರೆಯಾಗಿ ಸರಿದು, ಎಳೆ ಈಚೆ ಬಂದದ್ದೇ ನಿಂತುಹೋಯಿತು.

"ಹೋಯ್ತಾ?"

"ಹೋಯ್ತು."

"ಬೆನ್ನಲ್ಲಿ ಏನೂ ಇರ್ಲಿಲ್ವಲ್ಲ." ಟೇಪು ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಅವಳನ್ನು ನೋಡಿದಳು. "ಕೈ ಇಳಿಸಿ ಅಕ್ಕ. ಯಜಮಾನರು ನೋಡಿದ್ರೆ ಬಂದ ದಿನವೇ ರಜೆ ಕೇಳ್ತಿದೀರಿ ಅಂದ್ಕೊಳ್ತಾರೆ."

ಅವಳು ತಕ್ಷಣ ಇಳಿಸಲಿಲ್ಲ. ಚಾಕ್‌ಪೀಸು ಹಿಡಿದ ಕೈ ತಲೆಯ ಪಕ್ಕದಲ್ಲಿ ಹಾಗೆಯೇ ಇತ್ತು. ಕಿಟಕಿಯಿಂದ ಬಂದ ಗಾಳಿ ತೋಳಿನೊಳಗೆ ಹೋಗಿ ಕಂಕುಳಿಗೆ ತಾಗಿತು, ತಣ್ಣಗಾದದ್ದು ಬೆನ್ನು.